ಬೇಸ್‌ಲೈನಿನ ಭೀಮರಾಜ

ಶೆಟ್ಟಿಹಳ್ಳಿಯ ಭೀಮರಾಜನಿಗೆ ದೇವರು ಮೈ ಕೊಡುವಾಗ ಜಿಪುಣತನ ಮಾಡಿ, ಗಂಟಲು ಕೊಡುವಾಗ ಮಾತ್ರ ಧಾರಾಳವಾಗಿ ಸುರಿದುಬಿಟ್ಟಿದ್ದ. ಹೆಸರು ಕೇಳಿ ನೋಡಲು ಬಂದವರು, ಇವನ ಹಿಂದೆ ಇನ್ನೊಬ್ಬ ಯಾರಾದರೂ ನಿಂತಿರಬಹುದೇನೋ ಎಂದು ಇಣುಕಬೇಕು, ಅಷ್ಟು ಸಣಕಲು ಆಳು. ಬಾಯಿ ತೆರೆದನೆಂದರೆ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಲಾರಿಯೊಳಗೆ ನಿದ್ದೆ ಹೋದ ಡ್ರೈವರು ಎದ್ದು ಕೂರಬೇಕು. ಆ ಗಂಟಲೇ ಅವನ ಹೊಟ್ಟೆಪಾಡು. ವೀರಬಸಪ್ಪನವರ ಈರುಳ್ಳಿ ಮಂಡಿಯಲ್ಲಿ ಬೆಳಗಾದರೆ ಹರಾಜು ಕೂಗುವವನು ಅವನೇ. ಚೀಲದ ರಾಶಿಯ ಮೇಲೆ ಹತ್ತಿ ನಿಂತು ಒಂದ್ಸಲ, ಎರಡ್ಸಲ, ಮೂರ್ಸಲ ಎಂದು ಅವನು ಕೂಗಿದರೆ ಪಕ್ಕದ ಮಂಡಿಯವರ ವ್ಯಾಪಾರವೂ ಅದರಲ್ಲೇ ಮುಗಿಯುತ್ತದೆ ಎಂದು ಜನ ನಗುತ್ತಿದ್ದರು.

ಆದರೆ ಯಾರಾದರೂ "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರೆ ಅವನ ಬಾಯಲ್ಲಿ ಈರುಳ್ಳಿಯ ಸುದ್ದಿ ಬರುತ್ತಿರಲಿಲ್ಲ. "ಲೈನ್ ಅಂಪೈರ್" ಅನ್ನುತ್ತಿದ್ದ. ಕೇಳಿದವರು ಇವನು ಕರೆಂಟಿನವನು ಎಂದುಕೊಂಡು ತಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ ಕಷ್ಟ ತೋಡಿಕೊಳ್ಳುತ್ತಿದ್ದರು. ಅವನೂ ಪಾಪ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಟೆನಿಸ್ ಅಂಗಳದ ಗೆರೆಯ ಹಿಂದೆ ಬಗ್ಗಿ ನಿಂತು ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವವನು ನಾನು ಎಂದು ಬಿಡಿಸಿ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ಕೇಳಿದವರ ಆಸಕ್ತಿ ಹೋಗಿರುತ್ತಿತ್ತು.

ಈ ಗೀಳು ಅಂಟಿಸಿದವನು ಅವನ ಸೋದರಮಾವ ವೆಂಕಟಸ್ವಾಮಿ. ಆತ ಬೆಂಗಳೂರಿನ ಹಳೇ ಟೆನಿಸ್ ಕ್ಲಬ್ಬಿನಲ್ಲಿ ಅಂಗಳಕ್ಕೆ ರೋಲರ್ ಎಳೆಯುತ್ತಿದ್ದ, ಸುಣ್ಣದ ಗೆರೆ ಹಾಕುತ್ತಿದ್ದ. ಬೇಸಿಗೆ ರಜೆ ಬಂದರೆ ಚೆಂಡು ಆಯಲು ಅಳಿಯನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಒಂದು ದಿನ ದೂರದ ಅಂಗಳಕ್ಕೆ ಬೀದಿನಾಯಿಯೊಂದು ನುಗ್ಗಿತು. ಭೀಮರಾಜ ಇದ್ದಲ್ಲಿಂದಲೇ "ಏಯ್!" ಅಂದ. ನಾಯಿ ಓಡಿತು, ಸರಿ. ಅದರ ಜೊತೆಗೆ ಎಲ್ಲ ಅಂಗಳಗಳಲ್ಲೂ ಆಟ ನಿಂತುಹೋಯಿತು.

"ಇಂಗೆಲ್ಲಾ ಬಡ್ಕಬಾರ್ದು ಕಣ್ಲಾ, ದೊಡ್ಡೋರು ಆಡೋ ಜಾಗ," ಎಂದು ವೆಂಕಟಸ್ವಾಮಿ ನಡುಗಿದ. ಆದರೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಮುದಿ ಅಂಪೈರ್ ನಗುತ್ತಾ, ಈ ಗಂಟಲು ಚೆಂಡು ಆಯುವುದಕ್ಕಲ್ಲ, ಮೀಸೆ ಬಂದ ಮೇಲೆ ಲೈನಿಗೆ ನಿಲ್ಲಿಸಿ ಎಂದರು. ಮೀಸೆ ಬಂತು. ನಿಲ್ಲಿಸಿದರು.

ಆ ಕೆಲಸಕ್ಕೆ ಬೇಕಾಗುವ ಇಂಗ್ಲಿಷ್ ಒಂದು ಬೊಗಸೆಯಷ್ಟೂ ಇಲ್ಲ. ಔಟ್, ಸರ್ವ್ ತಪ್ಪಿದರೆ ಫಾಲ್ಟ್, ತಪ್ಪು ಹೇಳಿದ್ದರೆ ತಿದ್ದಿಕೊಳ್ಳಲು ಕರೆಕ್ಷನ್. ಕಲಿಯಬೇಕಾದದ್ದು ಕಣ್ಣು ಮತ್ತು ಕೈ. ಚೆಂಡು ಗೆರೆಯಿಂದ ಆಚೆ ಬಿದ್ದರೆ ಮೊದಲು ಬಾಯಿ, ಆಮೇಲೆ ಕೈ. ಕೂದಲೆಳೆಯಷ್ಟು ಗೆರೆಗೆ ತಾಗಿದರೂ ಚೆಂಡು ಒಳಗೆ ಬಿದ್ದಂತೆ. ಆಗ ಬಾಯಿಗೆ ಬೀಗ. ಎರಡೂ ಅಂಗೈ ನೆಲದ ಕಡೆ ಮಾಡಿ, ಹಾಸಿಗೆ ಸವರಿ ಸರಿಮಾಡುವಾಗಿನಂತೆ ಮುಂದೆ ಚಾಚಿ ಹಿಡಿಯಬೇಕು. ಅಂಪೈರ್ ತಿರುಗಿ ನೋಡಿ, ನೋಡಿದೆ ಎಂದು ತಲೆಯಾಡಿಸುವವರೆಗೆ ಆ ಕೈ ಇಳಿಸುವಂತಿಲ್ಲ. ಎಷ್ಟು ಹೊತ್ತಾದರೂ ಸರಿ, ಸೊಳ್ಳೆ ಕಚ್ಚಿದರೂ ಸರಿ.

ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಹೆಂಡತಿ ಸರಳಾಗೆ ಅಡುಗೆಮನೆಯ ಹೊಸ್ತಿಲನ್ನೇ ಗೆರೆ ಮಾಡಿಕೊಂಡು ತೋರಿಸಿದ್ದ. ಅಂದಿನಿಂದ ಅದು ಮನೆಯ ಪದ್ಧತಿಯೇ ಆಗಿಹೋಯಿತು. ಸರಳಾ ಸಾರು ಬಡಿಸಿ "ಉಪ್ಪು ಸರಿಯಾಗೈತಾ?" ಎಂದು ಕೇಳಿದರೆ ಭೀಮರಾಜ ಮಾತಾಡುತ್ತಿರಲಿಲ್ಲ. ತಟ್ಟೆಯ ಮೇಲೆ ಎರಡೂ ಅಂಗೈ ಚಾಚುತ್ತಿದ್ದ. ಅವಳು ಒಲೆಯ ಕಡೆ ತಿರುಗಿದ್ದರೆ ಮುಗಿಯಿತು, ಸಾರು ಆರಿದರೂ ಕೈ ಹಾಗೇ. ಕೊನೆಗೆ ಅವಳೇ ತಿರುಗಿ ನೋಡಿ, "ನೋಡ್ದೆ ನೋಡ್ದೆ, ಇಳ್ಸಿ ಕೈನ," ಅನ್ನಬೇಕು. ಆಗ ಊಟ ಮುಂದುವರಿಯುವುದು. ಮಗಳು ಬಿಂದುಶ್ರೀ ಮದುವೆಯಾಗಿ ಮತ್ತಿಕೆರೆಗೆ ಹೋದ ಮೇಲೂ ಇಬ್ಬರೇ ಕೂತು ಉಣ್ಣುವ ಆ ಮನೆಯಲ್ಲಿ ಈ ಆಟ ನಿಂತಿರಲಿಲ್ಲ.

ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಟೂರ್ನಿ ನಡೆಯುವಾಗ ಭೀಮರಾಜನ ಮೈಮೇಲೆ ದೇವರು ಬಂದ ಹಾಗೆ. ವೀರಬಸಪ್ಪನವರು ಗೊಣಗುತ್ತಲೇ ರಜೆ ಕೊಡುತ್ತಿದ್ದರು. ಮಂಡಿಯಲ್ಲಿ ಬೆಳಗಿನಿಂದ ಎಷ್ಟು ಕೂಗಿದರೂ ಒಬ್ಬನೂ ಪೂರ್ತಿ ನಂಬುವುದಿಲ್ಲ. ಈರುಳ್ಳಿ ಒಣಗಿದೆ ಎಂದರೆ ಚೀಲಕ್ಕೆ ಕೈ ಹಾಕಿ ಹಿಸುಕಿ ನೋಡುತ್ತಾರೆ. ಇಲ್ಲಿ ಒಂದೇ ಒಂದು ಮಾತು. ಅಷ್ಟೆತ್ತರದ ಪರದೇಶದ ಆಟಗಾರ, ಕೋಟಿಗಟ್ಟಲೆ ಗಳಿಸುವವನು, ಭೀಮರಾಜ "ಔಟ್" ಅಂದರೆ ರಾಕೆಟ್ಟು ಇಳಿಸಿ ಹಿಂದಕ್ಕೆ ನಡೆಯುತ್ತಿದ್ದ. ಆ ಸುಖವನ್ನು ಭೀಮರಾಜ ಯಾರಿಗೂ ಹೇಳಿ ಅರ್ಥಮಾಡಿಸಲಾರದೆ ಹೋದ.

ಮೊದಮೊದಲು ಪಕ್ಕದ ಗೆರೆಗಳು. ಆಮೇಲೆ ಬೇಸ್‌ಲೈನ್, ಅಂದರೆ ಆಟಗಾರನ ಬೆನ್ನ ಹಿಂದಿನ ಕೊನೆಯ ಗೆರೆ. ಅಲ್ಲಿ ನಿಲ್ಲುವುದೆಂದರೆ ಮಂಡಿಯ ಗದ್ದುಗೆ ಮೇಲೆ ಕೂತಷ್ಟು ಮರ್ಯಾದೆ. ಕ್ವಾರ್ಟರ್ ಫೈನಲ್ ಆಯಿತು, ಸೆಮಿಫೈನಲ್ ಆಯಿತು. ಫೈನಲ್ ಮಾತ್ರ ಪ್ರತಿಸಲವೂ ಇವನಿಗಿಂತ ಹಿರಿಯರಿಗೆ ಹೋಗುತ್ತಿತ್ತು. ಲೈನ್ ಅಂಪೈರಿನ ನೀಲಿ ಅಂಗಿ ತೊಟ್ಟು, ಟೋಪಿ ಹಾಕಿ, ಸಿದ್ಧನಾಗಿ ಅಂಗಳಕ್ಕೆ ಹೋಗುವ ಸುರಂಗದ ಬಾಯಲ್ಲಿ ನಿಂತು ಬೇರೆಯವರು ಸಾಲಾಗಿ ಒಳಗೆ ನಡೆಯುವುದನ್ನು ನೋಡುವುದೇ ಅವನ ಪಾಲಿನ ಫೈನಲ್. ಒಂದು ವರ್ಷ ಮುಖ್ಯ ಅಂಪೈರ್ ಹೆಗಲ ಮೇಲೆ ಕೈ ಹಾಕಿ, "ಭೀಮರಾಜ್, ಮುಂದಿನ ವರ್ಷ ಫೈನಲ್ ಬೇಸ್‌ಲೈನ್ ನಿಮ್ಮದೇ ಕಣ್ರೀ, ಬರೆದಿಟ್ಕೊಳ್ಳಿ," ಎಂದರು. ಮನೆಗೆ ಬರುವ ದಾರಿಯಲ್ಲಿ ಭೀಮರಾಜ ಮಲ್ಲಿಗೆ ಹೂವು, ಮೈಸೂರ್ ಪಾಕು ಎರಡನ್ನೂ ಕೊಂಡ. ಏನಾಯಿತು ಎಂದು ಸರಳಾ ಹೆದರಿಯೇ ಬಿಟ್ಟಳು.

ಮುಂದಿನ ವರ್ಷ ಬಂದದ್ದು ಕ್ಯಾಮೆರಾ. ಅಂಗಳದ ಸುತ್ತ ಕಂಬಗಳ ಮೇಲೆ ಕೂತ ಕಣ್ಣುಗಳು, ಅವು ನೋಡಿದ್ದನ್ನು ಕ್ಷಣದಲ್ಲಿ ಲೆಕ್ಕ ಹಾಕುವ ಕಂಪ್ಯೂಟರ್, ಧ್ವನಿವರ್ಧಕದಿಂದ ಬರುವ ಕೂಗು. ದೊಡ್ಡ ಟೂರ್ನಿಗಳಲ್ಲಿ ಗೆರೆಗೆ ಮನುಷ್ಯರು ಬೇಡ ಎಂದು ಮೇಲಿನವರು ತೀರ್ಮಾನಿಸಿದ್ದರು. ಭೀಮರಾಜ ಹಟಮಾರಿಯಲ್ಲ. "ಯಂತ್ರಕ್ಕೆ ಕಣ್ಣು ತಪ್ಪಲ್ಲ ಕಣೇ, ನಮಗೆ ತಪ್ತಿತ್ತು. ಆಟ ಆಡೋರಿಗೆ ನ್ಯಾಯ ಸಿಗ್ಲಿ ಬಿಡು," ಎಂದು ಅವನೇ ಸರಳಾಗೆ ಹೇಳಿದ. ನ್ಯಾಯದ ಮಾತು ಆಡಿದ ಬಾಯಿಗೆ ಅಂದು ಮುದ್ದೆ ಇಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ಅನ್ನುವುದು ಸುಲಭ.

ಆಮೇಲೆ ಟೀವಿಯಲ್ಲಿ ಟೆನಿಸ್ ಬಂದರೆ ಅವನು ಆಟ ನೋಡುತ್ತಿರಲಿಲ್ಲ. ಆಟಗಾರನ ಹಿಂದಿನ ಖಾಲಿ ಜಾಗ ನೋಡುತ್ತಿದ್ದ. ಸರಳಾ ಒಂದೆರಡು ಸಲ "ಅಲ್ಲೇನೈತ್ರೀ?" ಎಂದು ಕೇಳಿದಳು. "ಏನಿಲ್ಲ," ಅಂದ. ನಿಜವೇ, ಅಲ್ಲಿ ಏನೂ ಇರಲಿಲ್ಲ. ಅದೇ ಅವನ ಸಂಕಟ. ಬೀರುವಿನಲ್ಲಿ ಮಡಿಸಿಟ್ಟ ನೀಲಿ ಅಂಗಿಯನ್ನು ಅವನು ಯಾರಿಗೂ ಕೊಡಲಿಲ್ಲ, ಹಾಕಿಕೊಳ್ಳಲೂ ಇಲ್ಲ. ಹಬ್ಬಕ್ಕೆ ಬೀರು ಒರೆಸುವಾಗ ಸರಳಾ ಅದನ್ನು ತೆಗೆದು, ಕೊಡವಿ, ಅದೇ ಮಡಿಕೆಯಲ್ಲಿ ಮತ್ತೆ ಇಡುತ್ತಿದ್ದಳು.

ಹೀಗಿರುವಾಗ ಹೋದ ವರ್ಷ ಒಂದು ಬೆಳಿಗ್ಗೆ, ಹರಾಜು ಮುಗಿದು ಚಹಾ ಕುಡಿಯುವ ಹೊತ್ತಿಗೆ ಫೋನ್ ಬಂತು.

"ಭೀಮರಾಜ್ ಸರ್, ನಾನು ನರೇಂದ್ರ. ಯಲಹಂಕದ ಆಚೆ ಹೊಸ ಟೆನಿಸ್ ಸ್ಟೇಡಿಯಂ ಆಗಿದೆಯಲ್ಲ, ಅಲ್ಲಿನ ಆಫೀಸಿಂದ. ದೊಡ್ಡ ಟೂರ್ನಿಗೆ ನಮ್ಮೂರೂ ಬಿಡ್ ಹಾಕಿದೆ. ನೋಡೋಕೆ ಫಾರಿನ್ನಿಂದ ಟೀಮ್ ಬರ್ತಿದೆ. ಅವರಿಗೋಸ್ಕರ ಒಂದು ಟ್ರಯಲ್ ಟೂರ್ನಿ ಮಾಡ್ತಿದೀವಿ. ಹಳೇ ಲೈನ್ ಅಂಪೈರ್‌ಗಳಲ್ಲಿ ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು. ಫೈನಲ್‌ಗೆ ನೀವು ಬೇಕು ಸರ್. ಶನಿವಾರ ಬಂದು ಒಂದ್ಸಲ ಮಾತಾಡ್ತೀರಾ?"

ಫೈನಲ್‌ಗೆ ನೀವು ಬೇಕು. ಆ ಮಾತಿನ ಹಿಂದೆ ಮುಂದೆ ಇನ್ನೇನಿತ್ತು ಎಂದು ಕೇಳುವ ತಾಳ್ಮೆ ಭೀಮರಾಜನಿಗೆ ಎಲ್ಲಿಂದ ಬರಬೇಕು? ಬರ್ತೀನಿ ಬರ್ತೀನಿ ಎಂದು ಯಾರ್ಡಿಗೆಲ್ಲ ಕೇಳುವಂತೆ ಹೇಳಿ ಫೋನ್ ಇಟ್ಟ. ಯಾರ್ಡಿಗೆಲ್ಲ ಕೇಳಿಸಿತು ಕೂಡ.

"ಏನಪ್ಪಾ ಅದು ಬಿಡ್ಡು?" ಎಂದು ವೀರಬಸಪ್ಪನವರು ಕೇಳಿದರು.

"ನಮ್ಮ ಹರಾಜಿನ ಸವಾಲ್ ಇದ್ದಂಗೇ ಯಜಮಾನ್ರೇ. ಟೂರ್ನಿ ಯಾವ ಊರಿಗೆ ಅಂತ. ಬೇರೆ ದೇಶದ ಊರುಗಳೂ ನಿಂತವೆ. ಆದ್ರೆ ಅಲ್ಲಿ ಕೂಗಂಗಿಲ್ಲ. ನಮ್ಮತ್ರ ಸ್ಟೇಡಿಯಂ ಇಂಥದ್ದೈತೆ, ಏರ್‌ಪೋರ್ಟ್ ಇಷ್ಟು ಹತ್ರ ಐತೆ ಅಂತ ಕಂಪ್ಯೂಟರಲ್ಲಿ ಚಿತ್ರ ತೋರಿಸ್ಬೇಕು."

"ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ ಜಾಮ್ ಚಿತ್ರಾನೂ ತೋರಿಸ್ತಾರಂತಾ?" ಎಂದು ಅವರು ಚಹಾದ ಲೋಟ ಇಟ್ಟರು. "ಕೊಳೆತದ್ದು ತಳಕ್ಕೆ, ದಪ್ಪದ್ದು ಮೇಲಕ್ಕೆ. ಎಲ್ಲಾ ಕಡೆ ಮಂಡಿ ಒಂದೇ ಬಿಡು. ಹೋಗ್ಬಾ, ಫೈನಲ್ಲು ಅಂತೀಯ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಭೀಮರಾಜನನ್ನು ಮೀರಿಸುವವರಿಲ್ಲ. ಅಂದೇ ನೀಲಿ ಅಂಗಿ ಬೀರುವಿನಿಂದ ಹೊರಬಿತ್ತು, ಇಸ್ತ್ರಿಯಾಯಿತು. ಬಿಂದುಶ್ರೀಗೆ ಫೋನ್ ಹೋಯಿತು. ಹಿತ್ತಿಲಲ್ಲಿ ಬಗ್ಗಿ ನಿಂತು, ಮೊಣಕಾಲ ಮೇಲೆ ಕೈಯೂರಿ, ಅದು ಇನ್ನೂ ಮಾತು ಕೇಳುತ್ತದೆಯೇ ಎಂದು ಪರೀಕ್ಷೆ ನಡೆಯಿತು. ಮೊಣಕಾಲು ಸ್ವಲ್ಪ ದೂರು ಹೇಳಿತು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಕ್ಯಾಮೆರಾ ಇಟ್ಟವ್ರೆ ಅಂತಿದ್ರಲ್ಲ, ಮತ್ತೆ ನಿಮ್ಮನ್ನ ಯಾಕ್ ಕರೀತವ್ರೆ?" ಎಂದು ಸರಳಾ ಕೇಳಿದಳು. ಅವಳದು ಸರಿಯಾದ ಪ್ರಶ್ನೆ.

"ಫಾರಿನ್ನೋರು ಬರ್ತಾರಲ್ಲ, ಯಂತ್ರ ಕೈ ಕೊಟ್ರೆ ಮಾನ ಹೋಗಲ್ವಾ? ಮನುಷ್ಯರೂ ಇರ್ಲಿ ಅಂತ ಇರ್ಬೇಕು," ಅಂದ. ಎಷ್ಟು ಹೊತ್ತಿನಿಂದ ಆ ಉತ್ತರವನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದನೋ, ತಡವರಿಸಲೇ ಇಲ್ಲ.

ಶನಿವಾರ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಸ್ಕೂಟರ್ ಏರಿದ. ವಿದ್ಯಾರಣ್ಯಪುರದ ಬೀದಿಗಳಲ್ಲಿ ಸಿಟಿ ಬಸ್ಸಿನ ಹೊಗೆ ಕುಡಿಯುತ್ತಾ ಯಲಹಂಕ ದಾಟುವಾಗ, ಬೇಡಬೇಡವೆಂದರೂ ಬಾಯಿ ಹೆಲ್ಮೆಟ್ಟಿನೊಳಗೇ "ಔಟ್" ಅನ್ನುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಿರುಗಿ ನೋಡಿದ. ಭೀಮರಾಜ ಕೆಮ್ಮಿದಂತೆ ಮಾಡಿದ.

ಸ್ಟೇಡಿಯಂ ಚೆಂದವಿತ್ತು. ನರೇಂದ್ರನೂ ಒಳ್ಳೆಯ ಹುಡುಗನೇ. ಎದ್ದು ಕೈಮುಗಿದ, ಕಾಫಿ ತರಿಸಿದ. ಆಮೇಲೆ ವಿಷಯಕ್ಕೆ ಬಂದ.

"ಸರ್, ಸಿಸ್ಟಮ್ ಔಟ್ ಅಂತ ಕೂಗುತ್ತಲ್ಲ, ಆ ವಾಯ್ಸ್ ಯಾವುದೋ ದೇಶದ್ದು. ಬಿಡ್ ನೋಡೋಕೆ ಬರೋ ಟೀಮಿಗೆ ಒಂದು ಲೋಕಲ್ ಟಚ್ ಕೊಡೋಣ ಅಂತ. ನಮ್ಮೂರಿನ ಲೈನ್ ಅಂಪೈರ್ ವಾಯ್ಸೇ ಹಾಕಿದ್ರೆ? ಪ್ರೆಸೆಂಟೇಷನ್‌ನಲ್ಲಿ ಒಂದು ಸ್ಲೈಡೂ ಇದೆ. ಇಲ್ಲೇ ರೆಕಾರ್ಡಿಂಗ್ ರೂಮ್ ಇದೆ, ಇವತ್ತೇ ಮುಗಿಸಿಬಿಡಬಹುದು."

ಭೀಮರಾಜ ಕಾಫಿಯ ಲೋಟ ಹಿಡಿದೇ ಇದ್ದ. "ಹಂಗಾದ್ರೆ ಫೈನಲ್ ದಿನ ಬೇಸ್‌ಲೈನಲ್ಲಿ ಯಾರು ನಿಲ್ತಾರೆ?"

"ಯಾರೂ ಇಲ್ಲ ಸರ್."

"ನಾನು ಸುಮ್ನೆ ನಿಂತ್ರೆ? ಕೂಗಲ್ಲ. ಬಾಯ್ ಮುಚ್ಕೊಂಡು ನಿಂತಿರ್ತೀನಿ, ಅಷ್ಟೇ."

ಇದನ್ನು ಕೇಳುವಾಗ ಅವನಿಗೆ ನಾಚಿಕೆಯಾಯಿತು. ಮಂಡಿಯಲ್ಲಿ ಯಾರ ಮುಂದೆಯೂ ತಗ್ಗದ ದನಿ ಅಲ್ಲಿ ಬೇಡುವವರ ದನಿಯಾಗಿತ್ತು, ಅದು ಅವನ ಕಿವಿಗೇ ಕೇಳಿಸಿತು. ನರೇಂದ್ರನ ಮುಖವೂ ಸಪ್ಪಗಾಯಿತು. ಚೀಲದ ಬಾಯಲ್ಲಿ ಇಣುಕುತ್ತಿದ್ದ ನೀಲಿ ಅಂಗಿಯ ಕಾಲರನ್ನು ಅವನೂ ನೋಡಿದ್ದ.

"ಆಗಲ್ಲ ಸರ್. ಕ್ಯಾಮೆರಾಗೆ ಅಡ್ಡ ಬರುತ್ತೆ. ರೂಲ್ಸ್ ಇದೆ. ಸಾರಿ ಸರ್, ನಾನು ಫೋನಲ್ಲೇ ಬಿಡಿಸಿ ಹೇಳ್ಬೇಕಿತ್ತು."

ಒಂದು ನಿಮಿಷ ಬರುತ್ತೇನೆಂದು ಹೇಳಿ ಭೀಮರಾಜ ಎದ್ದು ಅಂಗಳಕ್ಕೆ ಹೋದ. ಬಿಸಿಲಿತ್ತು, ಯಾರೂ ಇರಲಿಲ್ಲ. ಬೇಸ್‌ಲೈನಿನ ಹಿಂದೆ, ಹಳೇ ಅಂಗಳಗಳಲ್ಲಿ ತಾನು ನಿಲ್ಲುತ್ತಿದ್ದಂಥ ಮೂಲೆಯ ಹತ್ತಿರ ನಿಂತ. ವಾಪಸ್ಸು ಮನೆಗೆ ಹೋಗಿಬಿಡಬೇಕು ಅನಿಸಿತು. ಹೋದರೆ ಅದೇ ಜಾಗದಿಂದ ಯಾವನೋ ಪರದೇಶಿಯ ದನಿ ಕೂಗುತ್ತದೆ. ಇದ್ದರೆ ತಾನಿಲ್ಲದ ಜಾಗದಲ್ಲಿ ತನ್ನ ದನಿ ನಿಂತಿರುತ್ತದೆ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ಆಸೆಯೇ ಗೆದ್ದಿತು. ದನಿಯಾದರೂ ಫೈನಲ್ ನೋಡಲಿ ಎಂದುಕೊಂಡ. ಇಷ್ಟಕ್ಕೂ ಒಪ್ಪುವಷ್ಟು ಬೇಕಾಗಿತ್ತಲ್ಲ ತನಗೆ ಅದು ಎಂದು ತನ್ನ ಮೇಲೆ ತನಗೇ ಅಯ್ಯೋ ಅನಿಸಿತು.

ರೆಕಾರ್ಡಿಂಗ್ ಕೋಣೆಯಲ್ಲಿದ್ದವಳು ನೂರ್‌ಜಹಾನ್, ಆರ್.ಟಿ. ನಗರದ ಹುಡುಗಿ, ಕಿವಿಗೆ ದೊಡ್ಡ ಹೆಡ್‌ಫೋನ್. ಚೆಂಡು ದೂರ ಬಿದ್ದರೆ ಒಂದು ಥರ, ಹತ್ತಿರ ಬಿದ್ದರೆ ಒಂದು ಥರ, ಗೆರೆಯ ಅಂಚಿಗೇ ಬಿದ್ದರೆ ಇನ್ನೊಂದು ಥರ, ಮೂರು ಬಗೆಯ ಔಟ್ ಬೇಕು ಎಂದು ಅವಳು ವಿವರಿಸಿದಳು. ಗಾಜಿನ ಆಚೆಯಿಂದ ಕೈ ತೋರಿಸಿದಳು. ಭೀಮರಾಜ ಕೂಗಿದ.

ಬಂದದ್ದು ಮಂಡಿಯ ಔಟ್. ಒಂದ್ಸಲ, ಎರಡ್ಸಲ, ಮೂರ್ಸಲ ಎಂದು ಏರುತ್ತಾ ಹೋಗುವ ರಾಗದಲ್ಲಿ ಮೂರು ಔಟ್‌ಗಳು ಸಾಲಾಗಿ ಬಂದವು. ನೂರ್‌ಜಹಾನ್ ಹೆಡ್‌ಫೋನ್ ಕಿತ್ತು ನಕ್ಕಳು. "ಅಂಕಲ್, ಯಾರಿಗೋ ಏನೋ ಮಾರ್ತಿದೀರ ಅನ್ಸುತ್ತೆ!"

ಅವನಿಗೂ ನಗು ಬಂತು. ಆದರೆ ಎಷ್ಟು ಪ್ರಯತ್ನಪಟ್ಟರೂ ಆ ಕೂಗು ಬರಲೊಲ್ಲದು. ಎದುರಿಗೆ ಚೆಂಡಿಲ್ಲ, ಗೆರೆಯಿಲ್ಲ, ಗೋಡೆಗೆ ಹೊಡೆದ ಕಪ್ಪು ಸ್ಪಂಜು. ಯಾವುದು ಔಟ್? ಏನನ್ನು ನೋಡಿ ಕೂಗಬೇಕು? ಕೊನೆಗೆ, "ಅಮ್ಮಾ, ಒಂದು ಚೆಂಡು ಸಿಗುತ್ತಾ? ಹಂಗೇ ಒಂದಿಷ್ಟು ಬಿಳೀ ಟೇಪು," ಎಂದು ಕೇಳಿದ.

ಕೋಣೆಯ ನೆಲಕ್ಕೆ ಟೇಪು ಅಂಟಿಸಿ ಗೆರೆಯಾಯಿತು. ನೂರ್‌ಜಹಾನ್ ಒಳಗೆ ಬಂದು ಬಾಗಿಲ ಹತ್ತಿರ ನಿಂತು ಚೆಂಡು ಎಸೆದಳು. ಭೀಮರಾಜ ಬಗ್ಗಿದ, ಮೊಣಕಾಲ ಮೇಲೆ ಕೈಯೂರಿದ. ಚೆಂಡು ಗೆರೆ ದಾಟಿ ಬಿತ್ತು.

"ಔಟ್!"

ಆ ಸಣ್ಣ ಕೋಣೆ ನಡುಗಿತು. ನೂರ್‌ಜಹಾನ್ ಬೆಚ್ಚಿಬಿದ್ದು, ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿದಳು. ಭೀಮರಾಜನಿಗೆ ಕಣ್ಣು ತುಂಬಿತು. ಎಷ್ಟೋ ಕಾಲದ ಮೇಲೆ ಮನೆಗೆ ಬಂದ ಮಗನ ದನಿ ಕೇಳಿದ ಹಾಗಿತ್ತು.

ಮುಂದಿನದು ಹತ್ತಿರದ ಚೆಂಡು. ಅವಳು ಗುರಿಯಿಟ್ಟು ಎಸೆದಳು. ಬಿತ್ತು. ಅವಳು ಕಾದಳು.

"ಅಂಕಲ್, ಸೌಂಡ್ ಬಂದಿಲ್ಲ."

"ಬರಲ್ಲ ಕಣಮ್ಮ. ಒಳಗೆ ಬಿತ್ತು." ಅವನ ಎರಡೂ ಅಂಗೈ ನೆಲದ ಕಡೆ ಚಾಚಿಕೊಂಡಿದ್ದವು. ಅವಳಿಗೆ ತಲೆಯಾಡಿಸಬೇಕೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವನೇ ಕೈ ಇಳಿಸಿಕೊಂಡ.

ಮತ್ತೆ ಎಸೆದಳು, ಮತ್ತೆ ಒಳಗೆ. ಗೆರೆಯ ಅಂಚಿಗೇ ಬೀಳುವಂತೆ ಎಸೆಯುವುದು ಹುಡುಗಾಟವೇ? ಒಮ್ಮೆ ತೀರಾ ದೂರ ಹೋಗಿ ಗೋಡೆಗೆ ಬಡಿಯುತ್ತಿತ್ತು, ಒಮ್ಮೆ ಟೇಪಿನ ಮೇಲೇ ಕೂರುತ್ತಿತ್ತು. ನಡುವೆ ಯಲಹಂಕದ ಏರ್‌ಫೋರ್ಸಿನ ವಿಮಾನ ಗುಡುಗಿಕೊಂಡು ಹೋಗಿ ಒಂದು ಒಳ್ಳೆಯ ಔಟ್ ಹಾಳಾಯಿತು.

"ಅಂಕಲ್, ಚೆಂಡೇನೂ ರೆಕಾರ್ಡ್ ಆಗಲ್ಲ. ಒಳಗೆ ಬಿದ್ರೂ ಸುಮ್ನೆ ಒಂದ್ಸಲ ಔಟ್ ಅಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಬಾಯಿ ಬರಲ್ಲ ಕಣಮ್ಮ," ಅಂದ. ಮಂಡಿಯಲ್ಲಿ ಹಸಿ ಈರುಳ್ಳಿಯನ್ನು ಒಣಗಿದ್ದು ಎಂದು ಕೂಗಿದ ಬಾಯಿ ಅದು, ಸುಳ್ಳೇಕೆ ಹೇಳಲಿ. ಗೆರೆಯ ಮುಂದೆ ಮಾತ್ರ ಅದಕ್ಕೆ ಸುಳ್ಳು ಬರುತ್ತಿರಲಿಲ್ಲ. ನೂರ್‌ಜಹಾನ್ ಬೇಸರಿಸಲಿಲ್ಲ. ಕುರ್ಚಿ ಸರಿಸಿಟ್ಟು, ನೆಲಕ್ಕೆ ಕೂತು, ಗೋಲಿ ಆಡುವವಳ ಹಾಗೆ ಒಂದೊಂದೇ ಚೆಂಡನ್ನು ಅಂಚಿಗೆ ಬೀಳಿಸುತ್ತಾ ಹೋದಳು.

ಎಲ್ಲ ಮುಗಿದ ಮೇಲೆ ವೈರು ಸುತ್ತುತ್ತಾ ಅವಳು ಕೇಳಿದಳು. "ಒಳಗೆ ಬಿದ್ರೆ ಏನಂತಾರೆ ಅಂಕಲ್? ಅದನ್ನೂ ತಗೊಂಡ್‌ಬಿಡ್ಲಾ?"

"ಅದಕ್ಕೆ ಮಾತಿಲ್ಲಮ್ಮ. ಕೈ ಅಷ್ಟೇ."

"ಓ. ಹಂಗಾದ್ರೆ ಅದು ಸಿಸ್ಟಮ್ಮಿಗೆ ಬೇಡ ಬಿಡಿ."

ಮನೆಗೆ ಬಂದು ಭೀಮರಾಜ ಅಂಗಿಯನ್ನು ಬೀರುವಿನಲ್ಲಿಟ್ಟ. ಇಸ್ತ್ರಿ ಮುರಿಯದ ಅಂಗಿಯೇ ಸರಳಾಗೆ ಎಲ್ಲ ಹೇಳಿತ್ತು. ಊಟದ ಹೊತ್ತಿಗೆ ಅವನೇ ಎಲ್ಲವನ್ನೂ ಹೇಳಿ, ನರೇಂದ್ರ ಕೊಟ್ಟ ಎರಡು ಪಾಸ್ ತೋರಿಸಿದ. "ದನಿ ಮಾತ್ರ ಹೋಗುತ್ತಂತೆ ಕಣೇ. ನಾವು ಮೇಲೆ ಕೂತ್ಕೊಂಡು ನೋಡ್ಬೋದು." ಅಂದು ಸರಳಾ ಉಪ್ಪಿನ ವಿಷಯ ಎತ್ತಲಿಲ್ಲ.

ಫೈನಲ್ ದಿನ ಸರಳಾ ರೇಷ್ಮೆ ಸೀರೆ ಉಟ್ಟಳು. "ಟೆನಿಸ್ಗೆ ಯಾರೇ ರೇಷ್ಮೆ ಉಡ್ತಾರೆ?" ಎಂದು ಭೀಮರಾಜ ರೇಗಿಸಿದ. "ಗಂಡನ ದನಿ ಫೈನಲ್ ಆಡ್ತೈತೆ, ನೈಟೀಲಿ ಬರ್ಲಾ?" ಎಂದಳು. ಇಳಿಬಿಸಿಲು. ಮೇಲಿನ ಸಾಲಿನಲ್ಲಿ, ಬೇಸ್‌ಲೈನಿನ ನೇರಕ್ಕೆ ಜಾಗ ಸಿಕ್ಕಿತು. ಕೆಳಗೆ ನೆರಳಿನ ಪೆಟ್ಟಿಗೆಯಲ್ಲಿ ಬಿಡ್ ನೋಡಲು ಬಂದ ಪರದೇಶದವರು ಎಳನೀರು ಹೀರುತ್ತಿದ್ದರು. ನರೇಂದ್ರ ಅವರಿಗೆ ಏನೋ ವಿವರಿಸುತ್ತಾ ಧ್ವನಿವರ್ಧಕದ ಕಡೆ ಕೈ ತೋರಿಸುತ್ತಿದ್ದ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡೊಂದು ಆಚೆ ಬಿತ್ತು.

"ಔಟ್!"

ಸರಳಾ ಬೆಚ್ಚಿ ಗಂಡನ ಕಡೆ ತಿರುಗಿದಳು. ಅವನ ಬಾಯಿ ಮುಚ್ಚಿತ್ತು. "ಏನ್ರೀ, ನೀವೇ! ನೀವೇ ಕಣ್ರೀ!" ಎಂದು ತೋಳು ಹಿಡಿದು ಅಲುಗಿಸಿದಳು. ಹಿಂದಿನ ಸಾಲಿನವರು ಶ್ ಅಂದರು. ಭೀಮರಾಜನ ಎದೆ ಉಬ್ಬಿತು. ಉಬ್ಬಿದ್ದು ಸುಳ್ಳಲ್ಲ. ಆದರೆ ಮತ್ತೊಂದು ಕೂಗು ಆ ತುದಿಯಿಂದ ಬಂತು, ಇನ್ನೊಂದು ಪಕ್ಕದ ಗೆರೆಯಿಂದ, ಮಗದೊಂದು ನಡುವಿನಿಂದ. ಅವನು ನಿಂತಿದ್ದ, ನಿಂತಿರದ ಜಾಗಗಳಲ್ಲೆಲ್ಲ ಅವನ ದನಿ ಓಡಾಡುತ್ತಿತ್ತು, ಅವನನ್ನು ಬಿಟ್ಟು. ನೂರ್‌ಜಹಾನ್ ನೆಲಕ್ಕೆ ಕೂತು ಎಸೆದ ಚೆಂಡುಗಳು ಒಂದೊಂದಾಗಿ ಅವನಿಗೆ ನೆನಪಾದವು. ಹೊರಗೆ ಬಿದ್ದವೆಲ್ಲ ಇಲ್ಲಿ ಕೂಗುತ್ತಿದ್ದವು. ಒಳಗೆ ಬಿದ್ದವು ಎಲ್ಲಿ ಹೋದವು?

ಕೊನೆಯ ಸೆಟ್ಟು ಜಿದ್ದಿಗೆ ಬಿತ್ತು. ಈ ಕಡೆಯ ಆಟಗಾರ ವಯಸ್ಸಾದವನು, ಕಣಕಾಲಿಗೆ ಪಟ್ಟಿ ಕಟ್ಟಿದ್ದ. ಮನುಷ್ಯರು ಗೆರೆ ಕಾಯುತ್ತಿದ್ದ ಕಾಲದಿಂದಲೂ ಆಡಿಕೊಂಡು ಬಂದವನು. ಇನ್ನೊಂದು ಪಾಯಿಂಟ್ ಹೋದರೆ ಅವನು ಸೋತಂತೆ. ಎದುರಿನವನು ಹೊಡೆದ ಚೆಂಡು ಅವನ ತಲೆಯ ಮೇಲೆ ಹಾಯ್ದು ಬೇಸ್‌ಲೈನಿಗೆ ಇಳಿಯಿತು. ಅವನು ಅದನ್ನು ಮುಟ್ಟಲಿಲ್ಲ, ಹೊರಗೆ ಎಂದುಕೊಂಡು ಬಿಟ್ಟುಬಿಟ್ಟ.

ಭೀಮರಾಜ ನೋಡಿದ. ಗೆರೆಯ ಹೊರ ಅಂಚು, ಕೂದಲೆಳೆ. ತಾಗಿತ್ತು.

ಧ್ವನಿವರ್ಧಕ ಸುಮ್ಮನಿತ್ತು.

ಆಟಗಾರನಿಗೆ ನಂಬಲಾಗಲಿಲ್ಲ. ಚೆಂಡು ಬಿದ್ದ ಗುರುತು ತೋರಿಸುವ ದೊಡ್ಡ ಪರದೆಯ ಕಡೆ ನೋಡಬೇಕಾದವನು, ಹಳೇ ಅಭ್ಯಾಸ, ಗಕ್ಕನೆ ಹಿಂದಕ್ಕೆ ತಿರುಗಿ ಬೇಸ್‌ಲೈನಿನ ಮೂಲೆಯನ್ನು ನೋಡಿದ. ಅಲ್ಲಿ ಇರಬೇಕಾದ ಮನುಷ್ಯನನ್ನು, ಅವನ ಕೈಗಳನ್ನು ಹುಡುಕಿದ. ಅಲ್ಲಿ ಯಾರೂ ಇರಲಿಲ್ಲ. ಖಾಲಿ ಜಾಗವನ್ನು ಕ್ಷಣಕಾಲ ನೋಡಿ, ರಾಕೆಟ್ಟು ಇಳಿಸಿ ಬಲೆಯ ಕಡೆ ನಡೆದ. ಆಟ ಮುಗಿದಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

ಸರಳಾ ಚಪ್ಪಾಳೆ ತಟ್ಟಲು ಹೋದವಳು ನಿಲ್ಲಿಸಿದಳು. ಪಕ್ಕದಲ್ಲಿ ಗಂಡ ಕೂತೇ ಇದ್ದ. ಮುಂದೆ ಬಾಗಿ, ಎರಡೂ ಅಂಗೈ ನೆಲದ ಕಡೆ ಮಾಡಿ, ಗಾಳಿಯಲ್ಲಿ ಚಾಚಿ ಹಿಡಿದಿದ್ದ. ಎದ್ದು ನಿಂತವರ ಬೆನ್ನುಗಳ ನಡುವೆ ಆ ಕೈಗಳು ಯಾರಿಗೂ ಕಾಣುತ್ತಿರಲಿಲ್ಲ. ಕೆಳಗೆ ಅಂಪೈರ್ ಕುರ್ಚಿಯಿಂದ ಇಳಿಯುತ್ತಿದ್ದ. ಚಪ್ಪಾಳೆ ನಿಂತಿತು, ಮುಂದಿನ ಸಾಲಿನವರು ಚೀಲ ಹುಡುಕಿಕೊಂಡು ಹೊರಟರು, ಕೈಗಳು ಹಾಗೇ ಇದ್ದವು.

ಸರಳಾ ಅವನ ಎದುರಿಗೆ ಬಂದು, ರೇಷ್ಮೆ ಸೀರೆಯ ನೆರಿಗೆ ಮುದುಡುವುದನ್ನೂ ಲೆಕ್ಕಿಸದೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಆ ಕೈಗಳನ್ನು ನೋಡಿದಳು. ನಿಧಾನವಾಗಿ ತಲೆಯಾಡಿಸಿದಳು.

"ನೋಡ್ದೆ ಕಣ್ರೀ," ಎಂದಳು. "ನಾನು ನೋಡ್ದೆ. ಇಳ್ಸಿ ಕೈನ."